ಕೆಳದವಡೆಯ ಹತ್ತು ಮಿಲಿಮೀಟರ್

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ದಂತ ಚಿಕಿತ್ಸಾಲಯವಿಲ್ಲದ ಮುಖ್ಯರಸ್ತೆಯನ್ನು ಹುಡುಕುವುದು ಕಷ್ಟ. ಆ ಚಿಕಿತ್ಸಾಲಯಗಳ ಫಲಕಗಳಲ್ಲಿ ರೂಟ್ ಕೆನಾಲ್, ಕ್ಲಿಪ್ಪು, ಹಲ್ಲುಸೆಟ್ಟುಗಳ ಸಾಲಿಗೆ ಈಗ ‘ಇಂಪ್ಲಾಂಟ್’ ಎಂಬುದೂ ಖಾಯಂ ಆಗಿ ಸೇರಿಕೊಂಡಿದೆ. ದಂತವೈದ್ಯ ಶಿಕ್ಷಣದೊಂದಿಗೂ ಬೆಂಗಳೂರಿನ ಈ ದಕ್ಷಿಣ ಭಾಗಕ್ಕೆ ಗಟ್ಟಿ ನಂಟಿದೆ. ಜೆ.ಪಿ. ನಗರದಲ್ಲಿ ಡಿ.ಎ. ಪಾಂಡು ಸ್ಮಾರಕ ಆರ್.ವಿ. ದಂತ ಕಾಲೇಜು, ಕುಮಾರಸ್ವಾಮಿ ಬಡಾವಣೆಯಲ್ಲಿ ದಯಾನಂದ ಸಾಗರ್ ದಂತ ಕಾಲೇಜು, ವಿಶ್ವೇಶ್ವರಪುರದ ಕೆ.ಆರ್. ರಸ್ತೆಯಲ್ಲಿ ಒಕ್ಕಲಿಗರ ಸಂಘದ ದಂತ ಕಾಲೇಜು, ಬೊಮ್ಮನಹಳ್ಳಿಯಲ್ಲಿ ಆಕ್ಸ್‌ಫರ್ಡ್ ದಂತ ಕಾಲೇಜು ಇವೆ. ರಾಜ್ಯದ ಹೆಚ್ಚಿನ ದಂತ ಕಾಲೇಜುಗಳಿಗೆ ಪರೀಕ್ಷೆ ನಡೆಸಿ ಪದವಿ ಕೊಡುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಜಯನಗರದ ನಾಲ್ಕನೇ ‘ಟಿ’ ಬ್ಲಾಕಿನಲ್ಲೇ ನೆಲೆಸಿದೆ. ಹೀಗಿದ್ದರೂ ಇಂಪ್ಲಾಂಟ್ ಹಾಕಿಸಿಕೊಳ್ಳಲು ಹೊರಟವರ ಮಾತುಕತೆ ಬಹುಮಟ್ಟಿಗೆ ಸ್ಕ್ರೂವಿನ ಸುತ್ತಲೇ ಸುತ್ತುತ್ತದೆ: ಅದು ಯಾವ ದೇಶದ್ದು, ಯಾವ ಕಂಪನಿಯದು, ಎಷ್ಟು ವರ್ಷದ ಗ್ಯಾರಂಟಿ, ಒಂದಕ್ಕೆ ಎಷ್ಟು ಸಾವಿರ. ಆ ಸ್ಕ್ರೂ ಕೂರುವ ರಂಧ್ರವನ್ನು ಹೇಗೆ ಕೊರೆಯಲಾಗುತ್ತದೆ ಎಂಬುದನ್ನು ಕೇಳುವವರು ಅಪರೂಪ. ಆದರೆ ಕೆಳದವಡೆಯ ಮಟ್ಟಿಗೆ ಚಿಕಿತ್ಸೆಯ ಅಳಿವು ಉಳಿವು ಹೆಚ್ಚಾಗಿ ನಿಂತಿರುವುದು ಆ ರಂಧ್ರದ ಮೇಲೆಯೇ. ಹೆಸರಾಂತ ಕಂಪನಿಯ ಸ್ಕ್ರೂ ಕೂಡ ಕಾದು ಸುಟ್ಟ ಮೂಳೆಯಲ್ಲಿ ನಿಲ್ಲಲಾರದು, ನರದ ಮೇಲೆ ಇಳಿದ ಸ್ಕ್ರೂವಿಗೆ ಯಾವ ಗ್ಯಾರಂಟಿಯಿಂದಲೂ ಪ್ರಯೋಜನವಿಲ್ಲ.

ಇಂಪ್ಲಾಂಟ್ ಎಂದರೆ ಬಿದ್ದುಹೋದ ಹಲ್ಲಿನ ಬೇರಿನ ಜಾಗದಲ್ಲಿ ದವಡೆಯ ಮೂಳೆಯೊಳಗೆ ಕೂರಿಸುವ, ಮರೆ (ಸುರುಳಿ ಗೆರೆ) ಇರುವ ಸಣ್ಣ ಟೈಟಾನಿಯಂ ಸ್ಕ್ರೂ. ಅದರ ಮೇಲೆ ಕಂಬದಂಥ ಒಂದು ಜೋಡಣೆ, ಅದರ ಮೇಲೆ ಕ್ಯಾಪ್. ಮೂಳೆಗೂ ಟೈಟಾನಿಯಂಗೂ ನಡುವೆ ಅಂಟಾಗಲಿ ಸಿಮೆಂಟಾಗಲಿ ಇರುವುದಿಲ್ಲ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1952ರ ಸುಮಾರಿಗೆ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರವನ್ನು ಅಭ್ಯಾಸ ಮಾಡಲೆಂದು ಟೈಟಾನಿಯಂ ಕವಚದ ಉಪಕರಣವೊಂದನ್ನು ಕೂರಿಸಿ, ಅಧ್ಯಯನ ಮುಗಿದ ಮೇಲೆ ಅದನ್ನು ಹೊರತೆಗೆಯಲು ಹೋದಾಗ ಮೂಳೆ ಲೋಹವನ್ನು ಬಿಗಿಯಾಗಿ ಹಿಡಿದುಕೊಂಡಿದ್ದುದನ್ನು ಕಂಡರು. ಜೀವಂತ ಮೂಳೆ ಲೋಹದ ಮೈಗೆ ನೇರವಾಗಿ ಬೆಸೆದುಕೊಳ್ಳುವ ಈ ಕ್ರಿಯೆಯೇ ಮುಂದೆ ‘ಆಸಿಯೋ ಇಂಟಿಗ್ರೇಷನ್’ ಎಂಬ ಹೆಸರು ಪಡೆಯಿತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಅವರು ಮೊದಲ ಬಾರಿಗೆ ಚಿಕಿತ್ಸೆ ನೀಡಿದ ಯೋಸ್ಟಾ ಲಾರ್ಸನ್ ಎಂಬವರಿಗೆ ಕೂರಿಸಿದ ನಾಲ್ಕು ಟೈಟಾನಿಯಂ ಸ್ಕ್ರೂಗಳು ಇದ್ದುದು ಕೆಳದವಡೆಯಲ್ಲೇ. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡುತ್ತಿದ್ದವು. ಬ್ರೋನೆಮಾರ್ಕ್ ಅವರ ಬರಹಗಳಲ್ಲಿ ಲೋಹಕ್ಕೆ ಸಿಕ್ಕಷ್ಟೇ ಗಮನ ಕೊರೆಯುವ ನಯಕ್ಕೂ ಸಿಕ್ಕಿತ್ತು: ಮೂಳೆಯನ್ನು ಜೀವಂತ ಅಂಗಾಂಶವೆಂದು ಬಗೆದು, ನಿಧಾನವಾಗಿ, ತಂಪಾಗಿ, ಹಂತಹಂತವಾಗಿ ಕೊರೆಯಬೇಕೆಂಬುದು ಅವರ ಪದ್ಧತಿಯ ತಿರುಳಾಗಿತ್ತು.

ಕೆಳದವಡೆಯಿಂದಲೇ ಈ ಚಿಕಿತ್ಸೆ ಶುರುವಾದುದಕ್ಕೆ ಕಾರಣವಿದೆ. ಹಲ್ಲೆಲ್ಲ ಹೋದವರಿಗೆ ಮೇಲಿನ ಸೆಟ್ಟು ಅಂಗುಳಿನ ಅಗಲವಾದ ಆಸರೆಯಲ್ಲಿ ಗಾಳಿಯ ಹಿಡಿತಕ್ಕೆ ಹೇಗೋ ನಿಲ್ಲುತ್ತದೆ. ಕೆಳಗಿನ ಸೆಟ್ಟಿಗೆ ಕುದುರೆ ಲಾಳದಾಕಾರದ ಕಿರಿದಾದ ದಿಂಡಷ್ಟೇ ಆಸರೆ, ಅದರ ಮೇಲೆ ನಾಲಗೆ ಮಾತಿಗೊಮ್ಮೆ ತುತ್ತಿಗೊಮ್ಮೆ ಅದನ್ನು ಎತ್ತಿ ಹಾಕುತ್ತಿರುತ್ತದೆ. ಸೆಟ್ಟು ಹಾಕಿಕೊಂಡವರನ್ನು 25 ವರ್ಷಗಳ ಅವಧಿಯಲ್ಲಿ ಗಮನಿಸಿ ಸಂಶೋಧಕಿ ಟಾಲ್‌ಗ್ರೆನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಳದವಡೆಯ ಮುಂಭಾಗದ ಮೂಳೆ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಸವೆಯುತ್ತದೆ ಎಂದು ಕಂಡುಬಂದಿತು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕಲೆತ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಬರೀ ಸೆಟ್ಟಿನ ಬದಲು ಮುಂಭಾಗದ ಎರಡು ಇಂಪ್ಲಾಂಟ್‌ಗಳಿಗೆ ಗುಂಡಿಯಂತೆ ಸಿಕ್ಕಿಸುವ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂಬ ಒಮ್ಮತಕ್ಕೆ ಬಂದರು. ಇನ್ನು ಒಂದೆರಡು ಹಲ್ಲು ಮಾತ್ರ ಕಳೆದುಕೊಂಡ ಮಧ್ಯವಯಸ್ಕರಲ್ಲಿ ಹೆಚ್ಚಾಗಿ ಖಾಲಿಯಾಗಿರುವುದು ಕೆಳಗಿನ ಮೊದಲ ದವಡೆಹಲ್ಲಿನ ಜಾಗ. ಆರನೆಯ ವಯಸ್ಸಿಗೇ ಹುಟ್ಟಿ, ಹಾಲುಹಲ್ಲೆಂದು ಮನೆಯವರು ಅಲಕ್ಷಿಸಿದ ಆ ಹಲ್ಲು ಎಲ್ಲಕ್ಕಿಂತ ಮೊದಲು ಹುಳುಕಿಗೆ ತುತ್ತಾಗಿ, ಎಲ್ಲಕ್ಕಿಂತ ಮೊದಲು ಕೀಳಿಸಿಕೊಳ್ಳುವ ಹಲ್ಲಾಗುತ್ತದೆ.

ಆ ಜಾಗದ ಒಳರಚನೆ ತಿಳಿಯದೆ ಕೊರೆಯುವ ಕ್ರಮ ಅರ್ಥವಾಗದು. ಕೆಳದವಡೆ ಹೊರಗೆ ಗಟ್ಟಿ ಚಿಪ್ಪು, ಒಳಗೆ ಜೇನುಗೂಡಿನಂಥ ಸ್ಪಂಜು ಮೂಳೆಯಿಂದಾದುದು. ಅದರ ಹಿಂಭಾಗದಲ್ಲಿ, ದವಡೆಯ ಏರುಭಾಗದ ಒಳಮೈಯ ರಂಧ್ರವೊಂದರಿಂದ ಒಳಹೊಕ್ಕು, ದವಡೆಹಲ್ಲುಗಳ ಬೇರುಗಳ ಅಡಿಯಲ್ಲಿ ಒಂದು ಕಾಲುವೆ ಮುಂದಕ್ಕೆ ಸಾಗುತ್ತದೆ. ಕೆಳಹಲ್ಲುಗಳಿಗೂ ಕೆಳತುಟಿ ಗದ್ದಗಳ ಚರ್ಮಕ್ಕೂ ಸಂವೇದನೆ ಕೊಡುವ ನರ, ಅದರ ಜೊತೆಗೆ ರಕ್ತನಾಳಗಳು ಈ ಕಾಲುವೆಯಲ್ಲಿ ಹರಿದು, ಮುಂದವಡೆ ಹಲ್ಲುಗಳ ಕೆಳಗೆ, ಸಾಮಾನ್ಯವಾಗಿ ಎರಡನೆಯದರ ಬೇರಿನ ಆಸುಪಾಸಿನಲ್ಲಿ, ಗದ್ದದ ರಂಧ್ರದ ಮೂಲಕ ಹೊರಬರುತ್ತವೆ. ಕೆಲವರಲ್ಲಿ ನರ ಆ ರಂಧ್ರವನ್ನು ದಾಟಿ ಕೆಲವು ಮಿಲಿಮೀಟರ್ ಮುಂದೆ ಹೋಗಿ, ಕುಣಿಕೆಯಂತೆ ಹಿಂದಿರುಗಿ ಹೊರಬರುವುದರಿಂದ, ರಂಧ್ರಕ್ಕಿಂತ ಮುಂದಿನ ಮೂಳೆಯೆಲ್ಲ ನಿರಪಾಯವೆಂದು ತಿಳಿಯುವಂತಿಲ್ಲ. ಇದಲ್ಲದೆ ದವಡೆಹಲ್ಲಿನ ಜಾಗದಲ್ಲಿ ಮೂಳೆಯ ನಾಲಗೆ ಕಡೆಯ ಗೋಡೆ ಕೆಳಗಿಳಿಯುತ್ತ ಒಳಕ್ಕೆ ತಗ್ಗಾಗಿರುತ್ತದೆ, ಜೊಲ್ಲುಗ್ರಂಥಿಯೊಂದು ಆ ತಗ್ಗಿನಲ್ಲಿ ಕುಳಿತಿರುತ್ತದೆ. ಮೇಲಿಂದ ನೋಡಿದಾಗ ಎಂಟು ಮಿಲಿಮೀಟರ್ ಅಗಲವಿರುವ ದಿಂಡು ಹತ್ತು ಮಿಲಿಮೀಟರ್ ಕೆಳಗೆ ಬಾಗಿ ತೆಳುವಾಗಿರಬಹುದು. ಹಲ್ಲಿನ ದಿಕ್ಕನ್ನೇ ನಂಬಿ ನೆಟ್ಟಗೆ ಕೊರೆದರೆ ಡ್ರಿಲ್ಲಿನ ಮೊನೆ ಮೂಳೆಯಿಂದ ಹೊರಬಿದ್ದು ನಾಲಗೆಯ ಅಡಿಯ ಮೃದುಭಾಗವನ್ನು ತಲುಪುತ್ತದೆ. ನರ ಕೆಳಗಿದೆ, ತಗ್ಗು ಪಕ್ಕದಲ್ಲಿದೆ. ಇವೆರಡರ ನಡುವೆ ಉಳಿದ ಮೂಳೆಯೇ ವೈದ್ಯರ ಕೈಗೆ ಸಿಗುವ ಜಾಗ.

ಹೀಗಾಗಿ ಕೊರೆತ ಶುರುವಾಗುವುದು ಕುರ್ಚಿಯಲ್ಲಲ್ಲ, ಸ್ಕ್ಯಾನಿನ ಪರದೆಯ ಮೇಲೆ. ಎರಡೂ ದವಡೆಗಳನ್ನು ಒಂದೇ ಪಟ್ಟಿಯಲ್ಲಿ ತೋರಿಸುವ ಒಪಿಜಿ ಎಂಬ ಎಕ್ಸ್‌ರೇ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ಅದರಲ್ಲಿ ಚಿತ್ರ ಸುಮಾರು ಕಾಲು ಭಾಗದಷ್ಟು ಹಿಗ್ಗಿರುತ್ತದೆ, ಹಿಗ್ಗುವಿಕೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ನಾಲಗೆ ಕಡೆಯ ತಗ್ಗು ಕಾಣುವುದೇ ಇಲ್ಲ. 1990ರ ದಶಕದ ಕೊನೆಯಲ್ಲಿ ಇಟಲಿಯಲ್ಲಿ ಮೊದಲಾಗಿ ಬಳಕೆಗೆ ಬಂದ ಸಿಬಿಸಿಟಿ ಎಂಬ ಸ್ಕ್ಯಾನ್, ಶಂಕುವಿನಾಕಾರದ ಕಿರಣವನ್ನು ತಲೆಯ ಸುತ್ತ ತಿರುಗಿಸಿ ದವಡೆಯ ಮೂರು ಆಯಾಮಗಳ ಚಿತ್ರವನ್ನು ಕೊಡುತ್ತದೆ. ಬ್ರೆಡ್ಡಿನಂತೆ ತೆಳು ಹೋಳುಗಳಾಗಿ ದವಡೆಯನ್ನು ಕತ್ತರಿಸಿ ನೋಡಿ, ನರದ ಕಾಲುವೆಯ ಮೇಲಂಚಿನವರೆಗೆ ಎಷ್ಟು ಎತ್ತರ, ಯಾವ ಆಳದಲ್ಲಿ ಎಷ್ಟು ಅಗಲ ಎಂದು ಅಳೆಯಬಹುದು. ದಂತವೈದ್ಯರ ಚೀಟಿ ಹಿಡಿದು ಬಂದವರಿಗೆ ಇಂಥ ಸ್ಕ್ಯಾನ್ ಮಾಡಿಕೊಡುವ ಕೇಂದ್ರಗಳು ದಕ್ಷಿಣ ಬೆಂಗಳೂರಿನಲ್ಲಿ ಸಾಕಷ್ಟಿವೆ. ಕೆಳದವಡೆಯ ಹಿಂಭಾಗಕ್ಕೆ ಒಪಿಜಿಯೊಂದನ್ನೇ ನೆಚ್ಚಿ ಇಂಪ್ಲಾಂಟ್ ಕೂರಿಸುವುದನ್ನು ಒಂದು ಕಾಲದಲ್ಲಿ ಅನಿವಾರ್ಯವೆನ್ನಬಹುದಿತ್ತು; ಸ್ಕ್ಯಾನ್ ಕೇಂದ್ರ ಮುಂದಿನ ಅಡ್ಡರಸ್ತೆಯಲ್ಲಿರುವ ಬಡಾವಣೆಯಲ್ಲಿ ಅದನ್ನು ಉಳಿತಾಯವೆನ್ನುವುದು ಕಷ್ಟ.

ಉದಾಹರಣೆಗೆ, ಎಡಗಡೆಯ ಕೆಳಗಿನ ಮೊದಲ ದವಡೆಹಲ್ಲಿನ ಜಾಗದಲ್ಲಿ ದಿಂಡಿನ ತುದಿಯಿಂದ ಕಾಲುವೆಯ ಮೇಲಂಚಿನವರೆಗೆ ಸ್ಕ್ಯಾನಿನಲ್ಲಿ 13 ಮಿ.ಮೀ. ಎತ್ತರ ಸಿಕ್ಕಿತೆನ್ನೋಣ. ಅಳತೆಯ ತಪ್ಪಿಗೂ ಕೈಯ ತಪ್ಪಿಗೂ ಸೇರಿಸಿ 2 ಮಿ.ಮೀ. ಅಂತರವನ್ನು ನರದ ಮೇಲೆ ಬಿಡಲೇಬೇಕೆಂಬುದು ಸಾಮಾನ್ಯ ನಿಯಮ, ಉಳಿದದ್ದು 11. ಡ್ರಿಲ್ಲಿನ ಮೈಮೇಲೆ 8, 10, 12 ಎಂದು ಆಳವನ್ನು ತೋರಿಸುವ ಗೆರೆಗಳಿರುತ್ತವೆ, ಆದರೆ ಹಲವು ಕಂಪನಿಗಳ ಡ್ರಿಲ್‌ಗಳಲ್ಲಿ ಆ ಅಳತೆ ಮೊನೆಯ ಚೂಪು ಭಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ: 10ರ ಗೆರೆಯವರೆಗೆ ಇಳಿಸಿದರೆ ರಂಧ್ರ ಅರ್ಧದಿಂದ ಒಂದು ಮಿಲಿಮೀಟರ್‌ನಷ್ಟು ಇನ್ನೂ ಆಳವಾಗಿರುತ್ತದೆ. ಹಾಗಾಗಿ 13 ಮಿ.ಮೀ. ಮೂಳೆಯಿರುವ ಕಡೆ ಕೂರುವುದು 10 ಮಿ.ಮೀ. ಇಂಪ್ಲಾಂಟ್. ಈ ಒಂದು ಮಿಲಿಮೀಟರಿನ ವಿಷಯ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, ಒಂದು ಕಂಪನಿಯ ಡ್ರಿಲ್‌ಗಳಿಗೆ ಕೈ ಪಳಗಿದ ವೈದ್ಯರು ಇನ್ನೊಂದು ಕಂಪನಿಯ ಪೆಟ್ಟಿಗೆಯನ್ನು ತೆರೆದಾಗ ಮೊದಲು ಓದಬೇಕಾದುದು ಅದರ ಕೈಪಿಡಿಯ ಆ ಪುಟವನ್ನು. ಅಗಲದ ಲೆಕ್ಕವೂ ಇದೇ ತೆರನದು: ಪಕ್ಕದ ಹಲ್ಲಿನಿಂದ ಕನಿಷ್ಠ ಒಂದೂವರೆ ಮಿ.ಮೀ., ಎರಡು ಇಂಪ್ಲಾಂಟ್‌ಗಳ ನಡುವೆ 3 ಮಿ.ಮೀ., ಕೆನ್ನೆ ಮತ್ತು ನಾಲಗೆಯ ಕಡೆ ಕನಿಷ್ಠ ಒಂದೊಂದು ಮಿ.ಮೀ. ಮೂಳೆ ಉಳಿಯಬೇಕು.

ಮೂಳೆಯ ಗಡಸುತನ ಇನ್ನೊಂದು ವಿಷಯ. ಸಂಶೋಧಕರಾದ ಲೆಕ್‌ಹೋಮ್ ಮತ್ತು ಜಾರ್ಬ್ 1985ರಲ್ಲಿ ದವಡೆಯ ಮೂಳೆಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು: ಮೊದಲನೆಯದು ಬಹುಪಾಲು ಗಟ್ಟಿ ಚಿಪ್ಪೇ ಆಗಿರುವ ಮೂಳೆ, ನಾಲ್ಕನೆಯದು ತೆಳು ಚಿಪ್ಪಿನೊಳಗೆ ಸಡಿಲ ಸ್ಪಂಜು. ಮೇಲ್ದವಡೆಯ ಹಿಂಭಾಗ ಸಾಮಾನ್ಯವಾಗಿ ನಾಲ್ಕನೆಯ ಕಡೆಗೆ, ಕೆಳದವಡೆಯ ಮುಂಭಾಗ ಒಂದು ಎರಡರ ಕಡೆಗೆ ವಾಲುತ್ತದೆ. ಬಡಗಿ ತೇಗದ ಹಲಗೆಗೆ ಸ್ಕ್ರೂ ಹಾಕುವಾಗ ಸ್ಕ್ರೂವಿನ ದಪ್ಪಕ್ಕೆ ಹೆಚ್ಚು ಕಡಿಮೆ ಸಮನಾದ ತೂತನ್ನು ಮೊದಲೇ ಕೊರೆದು, ಮೆದು ಮರಕ್ಕಾದರೆ ಸಣ್ಣ ತೂತಿನಲ್ಲೇ ತಿರುಗಿಸಿ ಬಿಗಿ ಮಾಡುವಂತೆ, ಇಲ್ಲಿಯೂ ಗಟ್ಟಿ ಮೂಳೆಗೆ ಪೂರ್ತಿ ಅಳತೆಯ ರಂಧ್ರ, ಮೆದು ಮೂಳೆಗೆ ಒಂದು ಹಂತ ಸಣ್ಣ ರಂಧ್ರ ಎಂಬುದು ಕ್ರಮ. ಮೆದು ಮೂಳೆಯಲ್ಲಿ ಸ್ಕ್ರೂ ಸಡಿಲವಾದೀತೆಂಬ ಭಯ ಎಲ್ಲರಿಗೂ ಇರುವುದರಿಂದ ಗಟ್ಟಿ ಮೂಳೆಯನ್ನು ಕಂಡು ನಿರಾಳವಾಗುವವರೇ ಹೆಚ್ಚು. ಆದರೆ ಕೆಳದವಡೆಯ ಗಟ್ಟಿ ಮೂಳೆಯ ಅಪಾಯ ಬೇರೆ ಬಗೆಯದು. ಗಟ್ಟಿ ಮೂಳೆಯಲ್ಲಿ ರಕ್ತನಾಳ ಕಡಿಮೆ, ಉಜ್ಜಾಟ ಹೆಚ್ಚು, ಉಜ್ಜಾಟದಿಂದ ಹುಟ್ಟಿದ ಶಾಖವನ್ನು ಹೊತ್ತೊಯ್ಯಲು ರಕ್ತವೂ ಸಾಲದು. ಸಂಶೋಧಕರಾದ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ಮೊಲದ ಮೂಳೆಯ ಮೇಲೆ ನಡೆಸಿದ ಪ್ರಯೋಗದಿಂದ, 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ತಗುಲಿದರೆ ಮೂಳೆಯ ಚೇತರಿಕೆಗೆ ಧಕ್ಕೆಯಾಗುತ್ತದೆ ಎಂದು ಗೊತ್ತಾಯಿತು. ಮೈಯ ಶಾಖ 37 ಡಿಗ್ರಿಯೆಂದರೆ, ಕೊರೆಯುವವರಿಗೆ ಸಿಗುವ ಅವಕಾಶ ಹತ್ತೇ ಡಿಗ್ರಿ. ಸುಟ್ಟ ಮೂಳೆ ಅಂದೇ ನೋಯುವುದಿಲ್ಲ, ಎಕ್ಸ್‌ರೇಯಲ್ಲೂ ಕಾಣುವುದಿಲ್ಲ; ಸ್ಕ್ರೂ ಬಿಗಿಯಾಗಿಯೇ ಕೂರುತ್ತದೆ, ವಾರಗಳು ಕಳೆದ ಮೇಲೆ ಸತ್ತ ಮೂಳೆ ಕರಗಿ ಸ್ಕ್ರೂ ಅಲುಗಾಡತೊಡಗುತ್ತದೆ, ಆಗ ದೂರು ಕೇಳಬೇಕಾಗುವುದು ಸ್ಕ್ರೂ ಮಾಡಿದ ಕಂಪನಿ.

ಈ ಶಾಖದ ಲೆಕ್ಕವೇ ಕೊರೆಯುವ ಯಂತ್ರವನ್ನೂ ನಿರ್ಧರಿಸುತ್ತದೆ. ಹುಳುಕು ಹಲ್ಲನ್ನು ಕೊರೆಯುವಾಗ ಚೀರುವ ಸದ್ದು ಮಾಡುವ ಏರೋಟಾರ್ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಬಾರಿ ತಿರುಗುತ್ತದೆ. ಅದನ್ನು ಇಲ್ಲಿ ಬಳಸುವಂತಿಲ್ಲ. ಇಂಪ್ಲಾಂಟ್‌ಗೆ ಬಳಸುವುದು ದಂತವೈದ್ಯರು ಫಿಸಿಯೋ ಡಿಸ್ಪೆನ್ಸರ್ ಎಂದು ಕರೆಯುವ ವಿದ್ಯುತ್ ಮೋಟಾರು ಪೆಟ್ಟಿಗೆ. ಅದಕ್ಕೆ ಜೋಡಿಸಿದ ಬಾಗಿದ ಹಿಡಿಕೆಯೊಳಗಿನ ಗೇರುಗಳು ಮೋಟಾರಿನ ವೇಗವನ್ನು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸಿ, ಇಳಿದಷ್ಟೂ ತಿರುಚುವ ಬಲವನ್ನು ಹೆಚ್ಚಿಸುತ್ತವೆ; ಪಕ್ಕದಲ್ಲಿ ನೇತುಹಾಕಿದ ಸಲೈನ್ ಚೀಲದಿಂದ ಪಂಪು ಎಳೆದ ನೀರು ಕೊಳವೆಯ ಮೂಲಕ ಬಂದು ಡ್ರಿಲ್ಲಿನ ಬುಡಕ್ಕೆ ಬೀಳುತ್ತಿರುತ್ತದೆ. ವೇಗ ಸಾಮಾನ್ಯವಾಗಿ ನಿಮಿಷಕ್ಕೆ 800ರಿಂದ 1,500 ಸುತ್ತು.

ಕೆಲಸದ ಕ್ರಮವನ್ನು ಮೇಲಿನ ಉದಾಹರಣೆಯಲ್ಲೇ ಹತ್ತಿರದಿಂದ ನೋಡಬಹುದು. ಒಸಡನ್ನು ಬಿಡಿಸಿ ದಿಂಡನ್ನು ಕಂಡ ಮೇಲೆ, ಚೂರಿಯಂಚಿನಂತೆ ತೆಳುವಾಗಿದ್ದರೆ ಅದನ್ನು ಸ್ವಲ್ಪ ಸಮ ಮಾಡಿ, ಗುಂಡು ಅಥವಾ ಈಟಿಮೊನೆಯ ಡ್ರಿಲ್ಲಿನಿಂದ ಗಟ್ಟಿ ಚಿಪ್ಪಿನಲ್ಲಿ ಒಂದು ಗುರುತು ಮಾಡಲಾಗುತ್ತದೆ; ಈ ಗುರುತಿಲ್ಲದಿದ್ದರೆ ಮುಂದಿನ ಡ್ರಿಲ್ ಇಳಿಜಾರಿನಲ್ಲಿ ಜಾರಿ ಬೇರೆಡೆ ಕೂರುತ್ತದೆ. ಅದರ ಬಳಿಕ 2 ಮಿ.ಮೀ. ದಪ್ಪದ ಮೊದಲ ಡ್ರಿಲ್. ಇದು ಇಡೀ ಕೆಲಸದ ನಿರ್ಣಾಯಕ ಡ್ರಿಲ್, ಏಕೆಂದರೆ ಮುಂದೆ ಬರುವ ದಪ್ಪ ಡ್ರಿಲ್‌ಗಳೆಲ್ಲ ಇದು ಹಾಕಿದ ದಾರಿಯನ್ನೇ ಹಿಡಿಯುತ್ತವೆ. ಜಾಗರೂಕ ವೈದ್ಯರು ಇದನ್ನು ಒಮ್ಮೆಗೇ ಪೂರ್ತಿ ಆಳಕ್ಕೆ ಇಳಿಸುವುದಿಲ್ಲ. ಆರೇಳು ಮಿಲಿಮೀಟರಿಗೆ ನಿಲ್ಲಿಸಿ, ರಂಧ್ರದಲ್ಲಿ ಲೋಹದ ಕಡ್ಡಿಯನ್ನಿಟ್ಟು, ಬಾಯಿ ಮುಚ್ಚಿಸಿ ಎದುರು ಹಲ್ಲಿಗೆ ಅದು ನೇರವಾಗಿದೆಯೇ ಎಂದು ನೋಡಿ, ಸಣ್ಣ ಎಕ್ಸ್‌ರೇ ತೆಗೆದು ಪಕ್ಕದ ಬೇರಿಗೂ ಕೆಳಗಿನ ಕಾಲುವೆಗೂ ಎಷ್ಟು ಅಂತರವಿದೆ ಎಂದು ಗಮನಿಸುತ್ತಾರೆ. ದಿಕ್ಕು ತಪ್ಪಿದ್ದರೆ ಸರಿಪಡಿಸುವ ಅವಕಾಶ ಇಲ್ಲಿ ಮಾತ್ರ ಉಳಿದಿರುತ್ತದೆ. ಆಮೇಲೆ 2.8, 3.2, 3.5 ಎಂದು ಕಂಪನಿಯ ಕ್ರಮದಂತೆ ದಪ್ಪ ಏರುತ್ತ ಹೋಗುತ್ತದೆ. ಒಂದೊಂದು ಡ್ರಿಲ್ಲೂ ತೆಗೆಯಬೇಕಾದುದು ತೆಳುವಾದ ಮೂಳೆಯ ಪದರವನ್ನಷ್ಟೇ. ಎರಡು ಹಂತ ಹಾರಿಸಿ ಒಮ್ಮೆಗೇ ದಪ್ಪ ಡ್ರಿಲ್ ಹಾಕಿದರೆ ಸಮಯ ಉಳಿಯುತ್ತದೆ, ಶಾಖ ಹೆಚ್ಚುತ್ತದೆ.

ಡ್ರಿಲ್ಲನ್ನು ಒತ್ತಿ ಹಿಡಿದು ಒಂದೇ ಸಮನೆ ಕೊರೆಯುವಂತಿಲ್ಲ, ಕೆಲವು ಕ್ಷಣ ಇಳಿಸಿ ಮೇಲೆತ್ತಬೇಕು. ಮೇಲೆತ್ತಿದಾಗ ಡ್ರಿಲ್ಲಿನ ಸುರುಳಿ ಕಾಲುವೆಗಳಲ್ಲಿ ತುಂಬಿದ ಮೂಳೆಪುಡಿ ಹೊರಬರುತ್ತದೆ, ನೀರು ರಂಧ್ರದ ತಳ ಮುಟ್ಟುತ್ತದೆ. ಒತ್ತಿಯೇ ಹಿಡಿದರೆ ಸುರಿಯುವ ಸಲೈನೆಲ್ಲ ರಂಧ್ರದ ಬಾಯಲ್ಲೇ ಹರಿದುಹೋಗಿ, ನೀರು ಬೇಕಾದ ತಳದಲ್ಲಿ ಒಣಗಿದ ಪುಡಿ ಮಾತ್ರ ಅರೆಯುತ್ತಿರುತ್ತದೆ. ಡ್ರಿಲ್ ಮೊಂಡಾಗಿದ್ದರೆ ಈ ಎಚ್ಚರಿಕೆಗಳೆಲ್ಲ ನೀರುಪಾಲು. ಒಂದು ಡ್ರಿಲ್ಲನ್ನು ಎಷ್ಟು ಬಾರಿ ಬಳಸಬಹುದೆಂದು ಕಂಪನಿಗಳು ಮಿತಿ ಹೇಳಿರುತ್ತವೆ; ಬಳಸಿದ್ದನ್ನು ಪ್ರತಿಸಲವೂ ಬರೆದಿಡುವ ಚಿಕಿತ್ಸಾಲಯಕ್ಕೆ ಆ ಮಿತಿ ತಿಳಿಯುತ್ತದೆ. ಉಗಿಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್ ಕ್ರಿಮಿಗಳನ್ನು ಕೊಲ್ಲುತ್ತದೆಯೇ ಹೊರತು ಮೊಂಡಾದ ಅಂಚನ್ನು ಹರಿತ ಮಾಡುವುದಿಲ್ಲ, ಸವೆದ ಡ್ರಿಲ್ಲು ಬರಿಗಣ್ಣಿಗೆ ಹೊಸದರಂತೆಯೇ ಹೊಳೆಯುತ್ತದೆ.

ಕೈಗೆ ಸಿಗುವ ಸ್ಪರ್ಶವನ್ನು ಎಷ್ಟು ನಂಬಬಹುದೆಂಬುದು ಹಳೆಯ ಚರ್ಚೆ. ನರದ ಕಾಲುವೆಗೆ ಗಟ್ಟಿ ಗೋಡೆಯಿರುತ್ತದೆ, ಡ್ರಿಲ್ ಅದಕ್ಕೆ ತಾಗಿದಾಗ ಗೊತ್ತಾಗುತ್ತದೆ ಎಂಬ ನಂಬಿಕೆ ಹಿಂದೆ ಇತ್ತು. ಆದರೆ ಆ ಗೋಡೆ ಬಹಳಷ್ಟು ಜನರಲ್ಲಿ ಕಾಗದದಷ್ಟು ತೆಳು, ಕೆಲವೆಡೆ ಇರುವುದೇ ಇಲ್ಲ. ಇದ್ದಕ್ಕಿದ್ದಂತೆ ಡ್ರಿಲ್ ಹಗುರಾಗಿ ಒಳಗಿಳಿದು ರಕ್ತ ಉಕ್ಕಿದರೆ ಗೋಡೆ ಆಗಲೇ ದಾಟಿದೆ ಎಂದರ್ಥ. ಪ್ರತಿ ಡ್ರಿಲ್ಲಿನ ನಂತರ ತೆಳುವಾದ ಮೊಂಡುತುದಿಯ ಕಡ್ಡಿಯಿಂದ ರಂಧ್ರದ ತಳವನ್ನೂ ನಾಲ್ಕು ಪಕ್ಕಗಳನ್ನೂ ಮುಟ್ಟಿ ಎಲ್ಲ ಕಡೆ ಗಟ್ಟಿ ಮೂಳೆಯೇ ಸಿಗುತ್ತದೆಯೇ ಎಂದು ನೋಡುವುದು ಇದಕ್ಕಿಂತ ಭರವಸೆಯ ಪರೀಕ್ಷೆ. ನಿಮಿಷದ ಕೆಲಸ, ಒಂದು ಪಕ್ಕ ಮೆತ್ತಗೆ ಒಳಹೋದರೆ ನಾಲಗೆ ಕಡೆಯ ಗೋಡೆ ಒಡೆದಿದೆಯೆಂದು ಅಲ್ಲೇ ತಿಳಿಯುತ್ತದೆ.

ಗಟ್ಟಿ ಮೂಳೆಯಲ್ಲಿ ಕೊನೆಯ ಡ್ರಿಲ್ಲಿನ ಬಳಿಕ ಇನ್ನೂ ಎರಡು ಕೆಲಸಗಳಿರುತ್ತವೆ. ಮೇಲಿನ ಚಿಪ್ಪಿನಲ್ಲಿ ಸ್ಕ್ರೂವಿನ ಕತ್ತು ಬಿಗಿಯಾಗದಂತೆ ರಂಧ್ರದ ಬಾಯನ್ನು ಸ್ವಲ್ಪ ಅಗಲಿಸುವುದು ಒಂದು. ಮರೆಗಳಿಗೆ ದಾರಿ ಕೊರೆಯುವ ಟ್ಯಾಪ್ ಎಂಬ ಉಪಕರಣವನ್ನು ನಿಮಿಷಕ್ಕೆ ಇಪ್ಪತ್ತು ಇಪ್ಪತ್ತೈದು ಸುತ್ತಿನಂತೆ ನಿಧಾನವಾಗಿ ಇಳಿಸಿ ತೆಗೆಯುವುದು ಇನ್ನೊಂದು. ಆಮೇಲೆ ಇಂಪ್ಲಾಂಟ್ ಅದೇ ನಿಧಾನಗತಿಯಲ್ಲಿ ಇಳಿಯುತ್ತದೆ. ಕೊನೆಗೆ ಎಷ್ಟು ಬಿಗಿಯಾಯಿತೆಂಬುದನ್ನು ಟಾರ್ಕ್, ಅಂದರೆ ತಿರುಚುವ ಬಲದ ಅಳತೆಯಲ್ಲಿ ಹೇಳುತ್ತಾರೆ. 35 ನ್ಯೂಟನ್ ಸೆಂಟಿಮೀಟರ್ ಆಸುಪಾಸಿನ ಬಿಗಿ ಸಾಮಾನ್ಯವಾಗಿ ಸಾಕು. ಬಿಗಿ ಹೆಚ್ಚಿದಷ್ಟೂ ಒಳ್ಳೆಯದೆಂಬ ಎಣಿಕೆ ರೋಗಿಗಳಲ್ಲಷ್ಟೇ ಅಲ್ಲ, ಕೆಲವು ವೈದ್ಯರಲ್ಲೂ ಇದೆ. ಕೆಳದವಡೆಯ ಗಟ್ಟಿ ಚಿಪ್ಪನ್ನು ಅತಿಯಾಗಿ ಹಿಂಡಿದರೆ ಅದರೊಳಗಿನ ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋಗಿ ಕತ್ತಿನ ಸುತ್ತಲ ಮೂಳೆ ಕರಗುತ್ತದೆ. ಸ್ಕ್ರೂ ಅರ್ಧಕ್ಕೆ ನಿಂತು ಮುಂದೆ ಹೋಗದಿದ್ದರೆ ಬಲ ಹಾಕುವುದಲ್ಲ, ಹಿಂದಕ್ಕೆ ತಿರುಗಿಸಿ ತೆಗೆದು ಮತ್ತೊಮ್ಮೆ ಟ್ಯಾಪ್ ಮಾಡುವುದು ಸರಿಯಾದ ದಾರಿ. ಮೊದಲ ದಿನದ ಬಿಗಿ ಕೇವಲ ಯಾಂತ್ರಿಕ ಬಿಗಿ. ಮೂಳೆ ತನ್ನನ್ನು ತಾನೇ ಕರಗಿಸಿ ಕಟ್ಟಿಕೊಳ್ಳುವ ಎರಡರಿಂದ ನಾಲ್ಕನೆಯ ವಾರದ ನಡುವೆ ಅದು ಇಳಿದು, ಆಮೇಲೆ ಹೊಸ ಮೂಳೆಯ ಬೆಸುಗೆಯಿಂದ ಏರುತ್ತದೆ. ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯಬೇಕೆಂಬ ಬ್ರೋನೆಮಾರ್ಕ್ ಕಾಲದ ನಿಯಮ ಈಗ ಸಡಿಲವಾಗಿದ್ದರೂ ಅದರ ಹಿಂದಿನ ಕಾರಣ ಬದಲಾಗಿಲ್ಲ.

ಈ ಪರಂಪರೆಯ ಕ್ರಮಕ್ಕೆ ಪರ್ಯಾಯಗಳೂ ಬಂದಿವೆ. ಸ್ಪೇನಿನ ಎಡ್ವಾರ್ಡೊ ಅನಿಟುವಾ ಪ್ರಚುರಪಡಿಸಿದ ನಿಧಾನ ಕೊರೆತದಲ್ಲಿ ಡ್ರಿಲ್ ನಿಮಿಷಕ್ಕೆ 50ರಿಂದ 150 ಸುತ್ತಷ್ಟೇ ತಿರುಗುತ್ತದೆ, ನೀರನ್ನು ಬಳಸುವುದಿಲ್ಲ. ವೇಗ ಇಷ್ಟು ಕಡಿಮೆಯಾದಾಗ ಶಾಖ ಏರುವುದಿಲ್ಲ, ಡ್ರಿಲ್ಲಿನ ಸುರುಳಿಯಲ್ಲಿ ಉಳಿಯುವ ರೋಗಿಯದೇ ಮೂಳೆಪುಡಿಯನ್ನು ತೊಳೆದುಹೋಗದಂತೆ ಕೂಡಿಟ್ಟು ತಗ್ಗುಗಳಿಗೆ ತುಂಬಬಹುದು ಎಂಬುದು ಅದರ ಲಾಭ. ಅಮೆರಿಕದ ಸಲಾಹ್ ಹುವೈಸ್ ರೂಪಿಸಿದ ಇನ್ನೊಂದು ವಿಧಾನದಲ್ಲಿ ವಿಶೇಷ ಡ್ರಿಲ್ಲನ್ನು ಹಿಮ್ಮುಖವಾಗಿ ತಿರುಗಿಸಿ, ಮೂಳೆಯನ್ನು ಕೆರೆದು ತೆಗೆಯುವ ಬದಲು ಪಕ್ಕಕ್ಕೆ ಒತ್ತಿ ಗೋಡೆಯನ್ನು ದಟ್ಟಗೊಳಿಸಲಾಗುತ್ತದೆ. ಮೇಲ್ದವಡೆಯ ಸಡಿಲ ಮೂಳೆಗೆ ಹೇಳಿ ಮಾಡಿಸಿದ ಈ ವಿಧಾನಕ್ಕೆ ಕೆಳದವಡೆಯ ಗಟ್ಟಿ ಮೂಳೆಯಲ್ಲಿ ಹೆಚ್ಚಿನ ಕೆಲಸವಿಲ್ಲ. ಈಗಾಗಲೇ ದಟ್ಟವಾಗಿರುವುದನ್ನು ಇನ್ನೂ ದಟ್ಟ ಮಾಡಲು ಹೋಗುವುದೆಂದರೆ ಮೇಲೆ ಹೇಳಿದ ಹಿಂಡುವಿಕೆಯ ಅಪಾಯವನ್ನು ತಾನಾಗಿ ಕರೆದುಕೊಳ್ಳುವುದು. ಸೆಕೆಂಡಿಗೆ ಇಪ್ಪತ್ತೈದು ಸಾವಿರದಷ್ಟು ಬಾರಿ ಕಂಪಿಸುವ ಪೀಜೋ ಉಪಕರಣ ಮೂಳೆಯನ್ನು ಕತ್ತರಿಸಿ ನರದಂಥ ಮೃದು ಅಂಗಾಂಶವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ನರಕ್ಕೆ ಹತ್ತಿರದ ಕೊನೆಯ ಹಂತದಲ್ಲಿ ಅದು ಉಪಯುಕ್ತ, ಆದರೆ ಗಟ್ಟಿ ಮೂಳೆಯಲ್ಲಿ ಬಲು ನಿಧಾನ.

ಜಾಹೀರಾತುಗಳಲ್ಲಿ ಈಗ ಹೆಚ್ಚು ಕೇಳಿಬರುವುದು ಗೈಡ್ ಬಳಸಿದ ಶಸ್ತ್ರಚಿಕಿತ್ಸೆ. ಸಿಬಿಸಿಟಿಯ ಚಿತ್ರವನ್ನೂ ಬಾಯೊಳಗಿನ ಡಿಜಿಟಲ್ ಸ್ಕ್ಯಾನನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದಿಟ್ಟು, ಮೊದಲು ಕ್ಯಾಪಿನ ಜಾಗವನ್ನು, ಅದಕ್ಕೆ ತಕ್ಕಂತೆ ಸ್ಕ್ರೂವಿನ ಜಾಗವನ್ನು ನಿಶ್ಚಯಿಸಿ, ಹಲ್ಲುಗಳ ಮೇಲೆ ಕೂರುವ ಪ್ಲಾಸ್ಟಿಕ್ ಅಚ್ಚೊಂದನ್ನು ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಲಾಗುತ್ತದೆ. ಅದರಲ್ಲಿನ ಲೋಹದ ಬಳೆಯ ಮೂಲಕ ಇಳಿದ ಡ್ರಿಲ್ ನಿಶ್ಚಯಿಸಿದ ದಿಕ್ಕು ಆಳಗಳನ್ನು ಹೆಚ್ಚು ಮೀರುವುದಿಲ್ಲ. ದಿಕ್ಕಿನ ಮಟ್ಟಿಗೆ ಇದು ನಿಜವಾದ ಪ್ರಗತಿ. ಆದರೂ ಗೈಡ್ ಬಳಸಿದಾಗಲೂ ನಿಶ್ಚಯಿಸಿದ ಜಾಗಕ್ಕೂ ಸ್ಕ್ರೂ ಕೂತ ಜಾಗಕ್ಕೂ ಸರಾಸರಿ ಒಂದರಿಂದ ಒಂದೂವರೆ ಮಿಲಿಮೀಟರ್, ಕೋನದಲ್ಲಿ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಬರುತ್ತದೆಂದು ಅಧ್ಯಯನಗಳು ತೋರಿಸಿವೆ; ನರದ ಮೇಲಿನ 2 ಮಿ.ಮೀ. ಅಂತರವನ್ನು ಗೈಡ್ ಇದೆಯೆಂದು ಬಿಟ್ಟುಕೊಡಲಾಗದಿರುವುದು ಇದಕ್ಕಾಗಿ. ಬಳೆ ಡ್ರಿಲ್ಲನ್ನು ಬಿಗಿಯಾಗಿ ಸುತ್ತುವರಿಯುವುದರಿಂದ ಸಲೈನ್ ಒಳಗಿಳಿಯುವುದೂ ಕಷ್ಟ, ಗಟ್ಟಿ ಮೂಳೆಯಲ್ಲಿ ಇದು ಸಣ್ಣ ವಿಷಯವಲ್ಲ. ಮೂರನೆಯ ತೊಡಕು ಕರ್ನಾಟಕದಲ್ಲಿ ಇನ್ನಷ್ಟು ಎದ್ದು ಕಾಣುವಂಥದು. ಗೈಡಿನ ದಪ್ಪವನ್ನು ದಾಟಲು ಡ್ರಿಲ್ ಉದ್ದವಾಗಿರಬೇಕು, ದವಡೆಯ ಹಿಂಭಾಗಕ್ಕೆ ಅದನ್ನು ಒಯ್ಯಲು ಬಾಯಿ ಅಗಲವಾಗಿ ತೆರೆಯಬೇಕು; ಅಡಿಕೆ, ಗುಟ್ಕಾ ಅಗಿದು ಕೆನ್ನೆಯೊಳಗೆ ನಾರುಗಟ್ಟಿ ಎರಡು ಬೆರಳೂ ಹೋಗದಷ್ಟು ಬಾಯಿ ಬಿಗಿದವರಲ್ಲಿ ಗೈಡ್ ಇರಲಿ, ಸಾಮಾನ್ಯ ಡ್ರಿಲ್ಲಿಗೂ ಜಾಗ ಸಿಗುವುದಿಲ್ಲ.

ಕೆಳದವಡೆಯ ಮುಂಭಾಗ, ಅಂದರೆ ಎರಡು ಗದ್ದದ ರಂಧ್ರಗಳ ನಡುವಿನ ಜಾಗ, ಸುಲಭವೆಂದು ಹೆಸರು ಪಡೆದಿದೆ, ಹೊಸಬರು ಕಲಿಯುವುದೂ ಇಲ್ಲಿಂದಲೇ. ಅಲ್ಲಿ ದೊಡ್ಡ ನರವಿಲ್ಲದಿರುವುದು ನಿಜ. ಆದರೆ ನಾಲಗೆಯ ಕಡೆಯಿಂದ ಸಣ್ಣ ರಕ್ತನಾಳಗಳು ಮಧ್ಯಗೆರೆಯ ಸುತ್ತ ಮೂಳೆಯೊಳಗೆ ಹೊಗುತ್ತವೆ. ಡ್ರಿಲ್ ಆ ಕಡೆ ಹೊರಬಿದ್ದು ನಾಳವೊಂದು ಹರಿದರೆ ನಾಲಗೆಯ ಅಡಿಯಲ್ಲಿ ರಕ್ತ ತುಂಬಿ, ನಾಲಗೆ ಮೇಲೆದ್ದು ಹಿಂದಕ್ಕೆ ಸರಿದು, ಉಸಿರಿನ ದಾರಿಯೇ ಮುಚ್ಚಿಹೋದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಕೆಲವು ಪ್ರಕರಣಗಳಲ್ಲಿ ಊತ ಗಂಟೆಗಳ ನಂತರ ಕಾಣಿಸಿಕೊಂಡಿರುವುದರಿಂದ, ಮನೆಗೆ ಹೋದ ಮೇಲೆ ನಾಲಗೆಯಡಿ ಗಂಟು ಏರತೊಡಗಿದರೆ ಬೆಳಗಾಗಲೆಂದು ಕಾಯದೆ ತುರ್ತು ವಿಭಾಗವಿರುವ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕಾದುದು ಇದಕ್ಕೇ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆ ಚುಚ್ಚುಮದ್ದುಗಳು, ಬೀಡಿ ಸಿಗರೇಟು, ಇವುಗಳ ವಿಚಾರವೂ ಕೊರೆಯುವ ಮೊದಲೇ ಇತ್ಯರ್ಥವಾಗಬೇಕು.

ನರಕ್ಕೆ ಪೆಟ್ಟಾದುದರ ಮೊದಲ ಸುಳಿವು ಸಿಗುವುದು ರೋಗಿಗೇ. ಅರಿವಳಿಕೆಯ ಜೋಮು ಕೆಲವೇ ಗಂಟೆಗಳಲ್ಲಿ ಇಳಿಯಬೇಕು. ಸಂಜೆಯಾದರೂ ಅರ್ಧ ಕೆಳತುಟಿ ಮತ್ತು ಗದ್ದ ಮರಗಟ್ಟಿಯೇ ಇದ್ದರೆ, ಇಲ್ಲವೇ ಮುಟ್ಟಿದರೆ ಇರುವೆ ಹರಿದಂತೆ, ಉರಿದಂತೆ ಆಗುತ್ತಿದ್ದರೆ, ವೈದ್ಯರಿಗೆ ಅಂದೇ ತಿಳಿಸಬೇಕು. ಸ್ಕ್ರೂ ಕಾಲುವೆಯನ್ನು ಮುಟ್ಟಿದೆಯೆಂದು ಸ್ಕ್ಯಾನಿನಲ್ಲಿ ಕಂಡರೆ ಒಂದೆರಡು ದಿನದೊಳಗೆ ತೆಗೆದರೆ ನರ ಚೇತರಿಸಿಕೊಳ್ಳುವ ಸಂಭವ ಹೆಚ್ಚು. ‘ಸ್ವಲ್ಪ ದಿನ ನೋಡೋಣ’ ಎಂಬ ಸಮಾಧಾನದ ಮಾತಿಗೆ ಇಲ್ಲಿ ಬೆಲೆ ತೆರಬೇಕಾಗುತ್ತದೆ. ಚಿಕಿತ್ಸೆಯ ಮಾರನೆಯ ಬೆಳಿಗ್ಗೆ ತಾವಾಗಿ ಫೋನ್ ಮಾಡಿ ತುಟಿಯ ಬಗ್ಗೆ ವಿಚಾರಿಸುವ ಚಿಕಿತ್ಸಾಲಯ ಈ ಅಪಾಯವನ್ನು ಅರಿತಿದೆಯೆಂದು ತಿಳಿಯಬಹುದು. ಕೆಲವು ಶಸ್ತ್ರವೈದ್ಯರು ಇದೇ ಕಾರಣಕ್ಕೆ ಇಡೀ ನರವನ್ನು ಮರಗಟ್ಟಿಸುವ ಚುಚ್ಚುಮದ್ದನ್ನು ಬಿಟ್ಟು ಕೊರೆಯುವ ಜಾಗದ ಸುತ್ತ ಮಾತ್ರ ಅರಿವಳಿಕೆ ಕೊಡುತ್ತಾರೆ: ಡ್ರಿಲ್ ಕಾಲುವೆಗೆ ಹತ್ತಿರವಾದರೆ ನೋವು ಗೊತ್ತಾಗಿ ರೋಗಿ ಎಚ್ಚರಿಸುತ್ತಾನೆ ಎಂಬುದು ಅವರ ವಾದ. ನೋವನ್ನೇ ಅಳತೆಗೋಲಾಗಿಸುವುದು ಎಲ್ಲರಿಗೂ ಒಪ್ಪಿಗೆಯಾದ ಕ್ರಮವಲ್ಲ, ಸ್ಕ್ಯಾನಿನ ಲೆಕ್ಕಕ್ಕೆ ಅದು ಬದಲಿಯೂ ಅಲ್ಲ.

ಖರ್ಚಿನ ಮಟ್ಟಿಗೆ, ಖಾಸಗಿ ಚಿಕಿತ್ಸಾಲಯದ ದರ ಕೈಗೆಟುಕದವರಿಗೆ ಮೇಲೆ ಹೆಸರಿಸಿದ ಕಾಲೇಜುಗಳ ಆಸ್ಪತ್ರೆಗಳೂ, 1958ರಲ್ಲಿ ಆರಂಭವಾದ ಕೋಟೆ ಪ್ರದೇಶದ ಸರ್ಕಾರಿ ದಂತ ಕಾಲೇಜೂ ಇವೆ. ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವುದರಿಂದ ಕೂರುವ ಸಮಯ ಹೆಚ್ಚು, ಬರಬೇಕಾದ ಸರದಿಗಳೂ ಹೆಚ್ಚು. ಎಲ್ಲಿ ಮಾಡಿಸಿದರೂ ಕೇಳಿ ಪಡೆಯಬೇಕಾದ ಒಂದು ಕಾಗದವಿದೆ. ಇಂಪ್ಲಾಂಟಿನ ಡಬ್ಬಿಯ ಮೇಲೆ ಕಂಪನಿಯ ಹೆಸರು, ಮಾದರಿ, ದಪ್ಪ, ಉದ್ದ, ತಯಾರಿಕೆಯ ಲಾಟ್ ಸಂಖ್ಯೆ ಇರುವ ಅಂಟುಚೀಟಿ ಇರುತ್ತದೆ. ಅದನ್ನು ರೋಗಿಯ ಕಾರ್ಡಿಗೆ ಅಂಟಿಸಿ, ಯಾವ ಹಲ್ಲಿನ ಜಾಗ, ಯಾವ ದಿನ, ಎಷ್ಟು ಟಾರ್ಕ್ ಎಂದು ಬರೆದು ಕೊಡುವುದು ಒಳ್ಳೆಯ ಪದ್ಧತಿ. ಒಂದು ಕಂಪನಿಯ ಸ್ಕ್ರೂವಿಗೆ ಇನ್ನೊಂದು ಕಂಪನಿಯ ತಿರುಪುಳಿ ಎಷ್ಟೋ ಸಲ ಹೊಂದುವುದಿಲ್ಲ. ಹತ್ತು ವರ್ಷಗಳ ನಂತರ ಕ್ಯಾಪ್ ಸಡಿಲವಾದಾಗ, ಹಾಕಿದ ವೈದ್ಯರು ಊರು ಬದಲಿಸಿದ್ದರೆ ಅಥವಾ ರೋಗಿಯೇ ಮಕ್ಕಳ ಜೊತೆ ಬೇರೆ ಊರಿಗೆ ಹೋಗಿ ನೆಲೆಸಿದ್ದರೆ, ಎಕ್ಸ್‌ರೇಯ ನೆರಳನ್ನು ನೋಡಿ ಕಂಪನಿಯನ್ನು ಊಹಿಸುತ್ತ ಕೂರುವ ಬದಲು ಆ ಚೀಟಿ ನೋಡಿ ಸರಿಯಾದ ತಿರುಪುಳಿಯನ್ನು ತರಿಸಬಹುದು.